ಉತ್ತರ ಪಿನಾಕಿನಿಯ ದಡದಲ್ಲಿ ಮನೆ: ಗೌರಿಬಿದನೂರಿಗೆ ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಗೌರಿಬಿದನೂರಿನ ಹೊಳೆ ಬದಿಯ ಒಂದು ಚಿಕ್ಕ ಬಡಾವಣೆಯಲ್ಲಿ ನಮ್ಮ ಮನೆ ಇದೆ. ಬೆಂಗಳೂರಿನ ಬಾಡಿಗೆ ಕೊಟ್ಟು ಸಾಕಾದವರು, ಕುಡುಮಲಕುಂಟೆಯ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಸಿಕ್ಕವರು, ನಿವೃತ್ತಿಯಾಗಿ ಊರಿಗೆ ಮರಳುವವರು ಭಾನುವಾರ ಬಂದರೆ ಇಲ್ಲಿ ನಿವೇಶನ ನೋಡುತ್ತಾರೆ, ಸಿಕ್ಕವರನ್ನು ನಿಲ್ಲಿಸಿ ವಿಚಾರಿಸುತ್ತಾರೆ. ಅವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಕೇಳಬೇಕಾಗಿದ್ದೂ ಕೇಳದೆ ಹೋಗುವ ಕೆಲವನ್ನೂ ಇಲ್ಲಿ ಸೇರಿಸಿದ್ದೇನೆ.

ಹೊಳೆಯಲ್ಲಿ ನೀರೇ ಇಲ್ಲವಲ್ಲ, ಇದನ್ನು ಹೊಳೆ ದಡ ಎಂದು ಏಕೆ ಲೆಕ್ಕ ಹಾಕಬೇಕು?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಉತ್ತರ ಪಿನಾಕಿನಿ ಹುಟ್ಟುವುದು ನಂದಿ ಬೆಟ್ಟಗಳ ಸಾಲಿನಲ್ಲಿ. ಚಿಕ್ಕಬಳ್ಳಾಪುರ, ಮಂಚೇನಹಳ್ಳಿ ಕಡೆಯಿಂದ ನಮ್ಮ ಊರಿಗೆ ಬಂದು, ಹಿಂದೂಪುರದತ್ತ ಸಾಗಿ, ಆಂಧ್ರವನ್ನು ದಾಟಿ ನೆಲ್ಲೂರಿನ ಬಳಿ ಸಮುದ್ರ ಸೇರುತ್ತದೆ. ಒಟ್ಟು ಉದ್ದ ಸುಮಾರು 597 ಕಿಲೋಮೀಟರ್. ಇಷ್ಟು ದೊಡ್ಡ ನದಿಯ ತಲೆಯ ಭಾಗ ನಮ್ಮದು. ಮೇಲಿನ ಕೆರೆಗಳು ತುಂಬಿ ಕೋಡಿ ಬೀಳುವವರೆಗೆ ಹೊಳೆಗೆ ನೀರು ಇಳಿಯುವುದಿಲ್ಲ. ಅಂತರ್ಜಲ ಪಾತಾಳಕ್ಕೆ ಹೋಗಿರುವುದರಿಂದ, ಮರಳನ್ನು ವರ್ಷಗಟ್ಟಲೆ ಬಗೆದಿರುವುದರಿಂದ ಬಂದ ನೀರೂ ನಿಲ್ಲುವುದಿಲ್ಲ. ಹೀಗಾಗಿ ವರ್ಷದ ಬಹುಪಾಲು ನಿಮ್ಮ ಕಣ್ಣಿಗೆ ಬೀಳುವುದು ಮರಳು, ಗುಂಡಿ ಮತ್ತು ಸೀಮೆ ಜಾಲಿಯ ಪೊದೆ.

ಆದರೆ 2021ರ ನವೆಂಬರಿನ ಅಕಾಲಿಕ ಮಳೆಗೆ ಜಿಲ್ಲೆಯ ಕೆರೆಗಳು ಒಂದರ ಹಿಂದೆ ಒಂದು ಕೋಡಿ ಬಿದ್ದವು. 2022ರಲ್ಲಿಯೂ ಅದೇ ಆಯಿತು. ಹುಟ್ಟಿದಾಗಿನಿಂದ ಈ ಹೊಳೆಯಲ್ಲಿ ಕ್ರಿಕೆಟ್ ಆಡಿಕೊಂಡು ಬೆಳೆದ ಹುಡುಗರು ಅಂದು ದಂಡೆಯ ಮೇಲೆ ನಿಂತು ಕೆಂಪು ನೀರು ದಡದಿಂದ ದಡಕ್ಕೆ ಹರಿಯುವುದನ್ನು ನೋಡಿದರು. ಹೊಳೆ ತನ್ನ ಅಗಲವನ್ನು ಮರೆತಿಲ್ಲ, ನಡುವೆ ಮನೆ ಕಟ್ಟಿದವರು ಮರೆತಿದ್ದಾರೆ. ನೀವು ಕೊಳ್ಳುವ ನಿವೇಶನವನ್ನು 2021ರಂಥ ವರ್ಷದ ಹೊಳೆಯ ಪಕ್ಕದಲ್ಲಿಟ್ಟು ಅಳೆಯಿರಿ. ಮಾರ್ಚ್ ತಿಂಗಳ ಮರಳನ್ನು ನೋಡಿ ತೀರ್ಮಾನಿಸಬೇಡಿ.

ನೆರೆ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ತಿಳಿಯುವುದು ಹೇಗೆ?

ಮಾರುವವರನ್ನು ಕೇಳಿದರೆ "ನೀರು ಇತ್ತ ಬಂದೇ ಇಲ್ಲ" ಎನ್ನುತ್ತಾರೆ. ಅವರ ಮಾತನ್ನು ಬಿಟ್ಟು ಜಾಗವನ್ನೇ ಕೇಳಿ.

ಹೊಳೆಯ ಬದಿಯ ಜಾಲಿ ಗಿಡಗಳನ್ನು ನೋಡಿ. ಕೊಂಬೆಗಳ ಸಂದಿಯಲ್ಲಿ ಸಿಕ್ಕಿ ಒಣಗಿದ ಹುಲ್ಲಿನ ಕಂತೆ, ಹರಿದ ಪ್ಲಾಸ್ಟಿಕ್ ಚೀಲ, ಬಟ್ಟೆಯ ಚೂರು ನೆಲದಿಂದ ಎಷ್ಟು ಎತ್ತರದಲ್ಲಿವೆ? ಗಾಳಿಗೆ ಹಾರಿ ಬಂದ ಚೀಲ ಎಲ್ಲೆಂದರಲ್ಲಿ ಸಿಕ್ಕಿಕೊಂಡಿರುತ್ತದೆ. ನೀರು ತಂದ ಕಸ ಹಾಗಲ್ಲ. ಸಾಲು ಗಿಡಗಳಲ್ಲಿ ಒಂದೇ ಮಟ್ಟಕ್ಕೆ, ನೀರು ಹರಿದ ದಿಕ್ಕಿಗೆ ಮುಖ ಮಾಡಿ, ಮಣ್ಣು ಮೆತ್ತಿಕೊಂಡು ಅಂಟಿರುತ್ತದೆ. ಆ ಮಟ್ಟದಿಂದ ನಿಮ್ಮ ನಿವೇಶನದ ಕಡೆಗೆ ಕಣ್ಣಿನ ನೇರಕ್ಕೆ ಒಂದು ಗೆರೆ ಎಳೆದುಕೊಳ್ಳಿ. ಸಂದೇಹ ಬಂದರೆ ಮೇಸ್ತ್ರಿಯನ್ನು ಕರೆದು, ಪಾಯಕ್ಕೆ ಮಟ್ಟ ಹಿಡಿಯುವ ನೀರಿನ ಪೈಪಿನಿಂದಲೇ ಅಳೆಸಿ. ಅರ್ಧ ದಿನದ ಕೂಲಿಗೆ ಮುಗಿಯುತ್ತದೆ.

ಆಮೇಲೆ ಹಳೆಯ ಮನೆಗಳ ಹಿಂಬದಿಯ ಗೋಡೆ ನೋಡಿ. ಮುಂದಿನ ಗೋಡೆಗೆ ಹಬ್ಬಕ್ಕೆ ಸುಣ್ಣ ಬಣ್ಣ ಆಗಿರುತ್ತದೆ, ಹಿಂದಿನದಕ್ಕೆ ಆಗಿರುವುದಿಲ್ಲ. ಅಡ್ಡಕ್ಕೆ ಒಂದೇ ಸಮನಾಗಿ ಹೋದ ಕಂದು ಗೆರೆ ಕಂಡರೆ ನೀರು ಅಷ್ಟು ಎತ್ತರಕ್ಕೆ ಅಲ್ಲಿ ನಿಂತಿತ್ತು ಎಂದು ತಿಳಿಯಿರಿ. ಅಕ್ಕಪಕ್ಕದ ಮನೆಯ ಹೆಂಗಸರನ್ನು ಕೇಳಿ. ಆ ದಿನ ಅಕ್ಕಿ ಮೂಟೆಯನ್ನು ಎಲ್ಲಿ ಎತ್ತಿಟ್ಟರು, ದನವನ್ನು ಎಲ್ಲಿಗೆ ಹೊಡೆದುಕೊಂಡು ಹೋದರು ಎಂಬುದನ್ನು ಅವರು ಬೆರಳು ಮಾಡಿ ತೋರಿಸುತ್ತಾರೆ. ಇದಕ್ಕಿಂತ ಖಚಿತ ಸಾಕ್ಷಿ ಯಾವ ಕಚೇರಿಯಲ್ಲಿಯೂ ಸಿಗುವುದಿಲ್ಲ.

ಹೊಳೆಗಿಂತ ಹಳ್ಳವೇ ಅಪಾಯ ಎನ್ನುತ್ತಾರೆ, ನಿಜವೇ?

ಬಹಳ ಮಟ್ಟಿಗೆ ನಿಜ. ಹೊಳೆ ಅಗಲವಾಗಿದೆ, ಬಂದ ನೀರಿಗೆ ಜಾಗ ಇದೆ. ಕೆರೆಯ ಕೋಡಿಯಿಂದ ಹೊಳೆಗೆ ಸೇರುವ ಹಳ್ಳ, ರಾಜಕಾಲುವೆಗಳ ಮೇಲೆ ಮಣ್ಣು ಸುರಿದು ನಿವೇಶನ ಮಾಡಿದ್ದರೆ ನೀರು ಹೋಗಲು ದಾರಿ ಇರುವುದಿಲ್ಲ, ಮನೆಯೊಳಕ್ಕೆ ನುಗ್ಗುತ್ತದೆ. ಹೊಳೆಯಿಂದ ದೂರ ಇದೆ ಎಂದು ನೆಮ್ಮದಿಯಿಂದ ಕೊಂಡ ಮನೆಗೂ ಹೀಗೆ ಹಿಂಬಾಗಿಲಿನಿಂದ ನೀರು ಬರಬಹುದು.

ಭೂಮಾಪನ ಇಲಾಖೆಯ ಗ್ರಾಮ ನಕ್ಷೆಯಲ್ಲಿ ಹಳ್ಳಗಳೆಲ್ಲ ಗುರುತಾಗಿವೆ. ಸರ್ಕಾರದ ದಿಶಾಂಕ್ ಆ್ಯಪ್ ಮೊಬೈಲಿನಲ್ಲಿದ್ದರೆ, ನಿವೇಶನದಲ್ಲಿಯೇ ನಿಂತು ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ, ಹತ್ತಿರ ಕೆರೆ, ಕಾಲುವೆ ಏನೇನಿದೆ ಎಂದು ನೋಡಬಹುದು. ಮೊಬೈಲ್ ತೋರಿಸುವ ಸ್ಥಾನದಲ್ಲಿ ಕೆಲವು ಮೀಟರ್ ವ್ಯತ್ಯಾಸ ಇರುತ್ತದೆ. ಗಡಿಯ ನಿವೇಶನವಾದರೆ ಅದನ್ನೇ ನಂಬದೆ ಪರವಾನಗಿ ಪಡೆದ ಭೂಮಾಪಕರಿಂದ ಹದ್ದುಬಸ್ತು, ಅಂದರೆ ಗಡಿಯ ಅಳತೆ, ಮಾಡಿಸಿ.

ಪಹಣಿಯಲ್ಲಿ 'ಬಿ ಖರಾಬು' ಎಂದಿದ್ದರೆ ಏನು ಅರ್ಥ?

ಎ ಖರಾಬು ಎಂದರೆ ಉಳುಮೆಗೆ ಬಾರದ ಭೂಮಿ, ಹಿಡುವಳಿಯ ಜೊತೆಗೇ ಇರುತ್ತದೆ. ಬಿ ಖರಾಬು ಎಂದರೆ ದಾರಿ, ಹಳ್ಳ, ಕಾಲುವೆ, ಸ್ಮಶಾನದಂಥ ಸಾರ್ವಜನಿಕ ಜಾಗ. ಅದನ್ನು ಮಾರಲು ಯಾರಿಗೂ ಹಕ್ಕಿಲ್ಲ. ಹೊಳೆ ದಂಡೆಯ ಜಮೀನುಗಳಲ್ಲಿ ಬಿ ಖರಾಬು ಇರುವುದು ಸಾಮಾನ್ಯ. ಬಡಾವಣೆ ಮಾಡಿದವರು ಆ ಗುಂಟೆಗಳನ್ನು ಬಿಟ್ಟು ನಕ್ಷೆ ಮಾಡಿದ್ದಾರೆಯೇ, ಅದರ ಮೇಲೆಯೇ ಕಲ್ಲು ನೆಟ್ಟಿದ್ದಾರೆಯೇ ಎಂಬುದು ಪ್ರಶ್ನೆ. ಕೊನೆಯ ಸಾಲಿನ ನಿವೇಶನಗಳಿಗೆ "ಹೊಳೆ ನೋಟ" ಎಂದು ಹೆಚ್ಚು ಬೆಲೆ ಹೇಳುತ್ತಾರೆ. ಮೊದಲು ಪರೀಕ್ಷಿಸಬೇಕಾದದ್ದು ಆ ಸಾಲನ್ನೇ.

ಕ್ರಯಪತ್ರದ ಚಕ್ಕುಬಂದಿಯನ್ನೂ, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರವನ್ನೂ, ಓದಿ. ಹಳೆಯ ಪತ್ರದಲ್ಲಿ "ಉತ್ತರಕ್ಕೆ: ಹೊಳೆ" ಎಂದಿದ್ದು, ಹೊಸ ಪತ್ರದಲ್ಲಿ "ಉತ್ತರಕ್ಕೆ: ಖಾಲಿ ಜಾಗ" ಎಂದಾಗಿದ್ದರೆ ಹೊಳೆಯನ್ನು ಕಾಗದದ ಮೇಲೆ ಯಾರೋ ಸರಿಸಿದ್ದಾರೆ. ಹಳೆಯ ಪತ್ರದ ಅಳತೆಗೂ ಹೊಸದರ ಅಳತೆಗೂ ವ್ಯತ್ಯಾಸ ಬಂದಿರುವುದು ಆ ದಿಕ್ಕಿನಲ್ಲಿಯೇ ಆದರೆ ಎದ್ದು ಬನ್ನಿ.

ಯಾವ ಯಾವ ದಾಖಲೆ ನೋಡಬೇಕು?

ನಗರಸಭೆಯ ವ್ಯಾಪ್ತಿಯೊಳಗಿನ ನಿವೇಶನವೋ, ಗ್ರಾಮ ಪಂಚಾಯಿತಿಯದೋ ಎಂಬುದನ್ನು ಮೊದಲು ತಿಳಿಯಿರಿ. ದಾರಿಯ ಈ ಬದಿ ನಗರಸಭೆ, ಆ ಬದಿ ಪಂಚಾಯಿತಿ ಎಂಬಂತಿರುವ ಜಾಗಗಳು ಇಲ್ಲಿವೆ. ನಗರಸಭೆಯಾದರೆ ಇ-ಆಸ್ತಿ ತಂತ್ರಾಂಶದಿಂದ ಬಂದ ಇ-ಖಾತಾ ಬೇಕು. ಪಂಚಾಯಿತಿಯಾದರೆ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು ನಮೂನೆ 11ಎ. ನಿಮ್ಮ ಕೈಗೆ 11ಬಿ ಬಂದಿದ್ದರೆ ಅದು ಕ್ರಮಬದ್ಧ ಅನುಮೋದನೆ ಇಲ್ಲದ ಆಸ್ತಿ. ನಗರದಲ್ಲಿ ಅದಕ್ಕೆ ಸಮನಾದದ್ದು ಬಿ-ಖಾತಾ. ಬಿ-ಖಾತಾ ಕೊಟ್ಟ ಮಾತ್ರಕ್ಕೆ ಬಡಾವಣೆ ಸಕ್ರಮ ಆಯಿತು ಎಂದು ತಿಳಿಯಬೇಡಿ. ತೆರಿಗೆ ವಸೂಲಿಗೆ ಅದೊಂದು ದಾಖಲೆ, ಅಷ್ಟೆ. ಬ್ಯಾಂಕ್ ಸಾಲಕ್ಕೂ ಕಟ್ಟಡ ಪರವಾನಗಿಗೂ ಅದು ತೊಡಕು.

ಅದರ ಹಿಂದೆ ಹೋದರೆ ಜಮೀನು. ಕೃಷಿ ಭೂಮಿಯನ್ನು ವಸತಿಗೆ ಪರಿವರ್ತಿಸಿದ ಜಿಲ್ಲಾಧಿಕಾರಿಗಳ ಆದೇಶ ಇದೆಯೇ? 1964ರ ಭೂಕಂದಾಯ ಅಧಿನಿಯಮದ 95ನೇ ಕಲಮಿನಡಿ ಅದು ಆಗಿರಬೇಕು. ಬಡಾವಣೆಯ ವಿನ್ಯಾಸ ನಕ್ಷೆಗೆ ಯೋಜನಾ ಪ್ರಾಧಿಕಾರದ ಅನುಮೋದನೆ ಸಿಕ್ಕಿದೆಯೇ, ಅದರಲ್ಲಿ ನಿಮ್ಮ ನಿವೇಶನದ ಸಂಖ್ಯೆ, ಅಳತೆ, ರಸ್ತೆಯ ಅಗಲ, ಹೊಳೆಯ ಕಡೆ ಬಿಟ್ಟ ಅಂತರ ಸರಿಯಾಗಿ ಇವೆಯೇ? 500 ಚದರ ಮೀಟರಿಗಿಂತ ದೊಡ್ಡ ಬಡಾವಣೆ ಮಾಡಿ ಮಾರುವವರು ರೇರಾದಲ್ಲಿ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ, ನೋಂದಾಯಿಸಿರಬೇಕು. ನೋಂದಣಿ ಸಂಖ್ಯೆ ಕೇಳಿ, ರೇರಾ ಜಾಲತಾಣದಲ್ಲಿ ಹುಡುಕಿ.

ಋಣಭಾರ ಪ್ರಮಾಣಪತ್ರ, ಅಂದರೆ ಎಲ್ಲರೂ ಇ.ಸಿ. ಎನ್ನುವುದು, 2004ರಿಂದ ಈಚೆಗಿನದು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಮನೆಯಿಂದಲೇ ಸಿಗುತ್ತದೆ. ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅರ್ಜಿ ಹಾಕಿ. ಮೂವತ್ತು ವರ್ಷದ ಸರಪಳಿ ಕೈಯಲ್ಲಿರಲಿ. ನಮೂನೆ 15ರಲ್ಲಿ ವ್ಯವಹಾರಗಳ ಪಟ್ಟಿ ಇರುತ್ತದೆ, ಏನೂ ನಡೆದಿಲ್ಲವಾದರೆ ನಮೂನೆ 16 ಬರುತ್ತದೆ. ನೋಂದಣಿಯಾಗದ ಕರಾರು, ಬಾಯಿಮಾತಿನ ಭಾಗ, ನ್ಯಾಯಾಲಯದ ದಾವೆ ಇದರಲ್ಲಿ ಕಾಣುವುದಿಲ್ಲ. ಅದಕ್ಕಾಗಿಯೇ ಊರಿನ ವಕೀಲರೊಬ್ಬರು ಬೇಕು. ಬೆಂಗಳೂರಿನ ವಕೀಲರು ಕಾಗದ ಓದುತ್ತಾರೆ. ಯಾವ ಮನೆತನದಲ್ಲಿ ಯಾರಿಗೆ ಯಾರ ಮೇಲೆ ದಾವೆ ಇದೆ ಎಂಬುದನ್ನು ಬಲ್ಲವರು ಇಲ್ಲಿನವರು.

ಮಾರುವವರ ಅಕ್ಕತಂಗಿಯರ ಸಹಿ ಬೇಕೇ?

ಪಿತ್ರಾರ್ಜಿತ ಆಸ್ತಿಯಾದರೆ ಬೇಕು. 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು. ವಂಶವೃಕ್ಷ ತರಿಸಿ, ಅದರಲ್ಲಿನ ಪ್ರತಿ ಹೆಸರನ್ನೂ ಕ್ರಯಪತ್ರದ ಸಹಿಗಳ ಜೊತೆ ಹೋಲಿಸಿ. "ಅವರಿಗೆ ಮದುವೆಯಲ್ಲಿ ಕೊಟ್ಟಿದ್ದೇವೆ, ಏನೂ ಕೇಳುವುದಿಲ್ಲ" ಎನ್ನುವ ಮಾತಿಗೆ ನ್ಯಾಯಾಲಯದಲ್ಲಿ ಬೆಲೆ ಇಲ್ಲ. ಆ ತಂಗಿಯ ಹಕ್ಕನ್ನು ತುಳಿದು ಕಟ್ಟಿದ ಮನೆಯಲ್ಲಿ ನಿಮಗೂ ನೆಮ್ಮದಿ ಇರಬಾರದು ಎನ್ನುವುದು ನನ್ನ ಮಾತು.

ಹಕ್ಕುಪತ್ರದ ಮನೆ ಕಡಿಮೆ ಬೆಲೆಗೆ ಸಿಗುತ್ತಿದೆ, ಕೊಳ್ಳಬಹುದೇ?

ದಂಡೆಯಲ್ಲಿ ಬಹಳ ಕಾಲದಿಂದ ವಾಸವಿದ್ದ ಬಡವರಿಗೆ ಭೂಕಂದಾಯ ಅಧಿನಿಯಮದ 94ಸಿ, 94ಸಿಸಿ ಕಲಮುಗಳ ಅಡಿಯಲ್ಲಿ ಅಥವಾ ವಸತಿ ಯೋಜನೆಗಳಲ್ಲಿ ಸರ್ಕಾರ ಹಕ್ಕುಪತ್ರ ಕೊಟ್ಟಿರುತ್ತದೆ. ಇಷ್ಟು ವರ್ಷ ಪರಭಾರೆ ಮಾಡಬಾರದು ಎಂಬ ಷರತ್ತು ಆ ಪತ್ರದಲ್ಲಿಯೇ ಇದ್ದರೆ, ಅವಧಿ ಮುಗಿಯುವ ಮೊದಲು ಛಾಪಾ ಕಾಗದದ ಮೇಲೆ ಬರೆಸಿಕೊಳ್ಳುವ "ಕರಾರು" ನಿಮ್ಮನ್ನು ಉಳಿಸುವುದಿಲ್ಲ.

ಇನ್ನೊಂದು, ಇದಕ್ಕಿಂತ ದೊಡ್ಡದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು 1978ರ ಪಿ.ಟಿ.ಸಿ.ಎಲ್. ಕಾಯ್ದೆಯ (ಇಂಥ ಜಮೀನಿನ ಪರಭಾರೆ ನಿಷೇಧಿಸುವ ಕಾಯ್ದೆ) ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೊಳ್ಳುವಂತಿಲ್ಲ. ಕೊಂಡರೆ ಆ ಕ್ರಯವೇ ಅಸಿಂಧು. 2023ರ ತಿದ್ದುಪಡಿಯ ನಂತರ "ಬಹಳ ವರ್ಷ ಆಗಿಹೋಗಿದೆ" ಎಂಬ ವಾದವನ್ನು ನಂಬಿ ಕೊಳ್ಳುವಂತಿಲ್ಲ. ನಿವೇಶನ ಈಗ ನಾಲ್ಕನೇ ಕೈಯಲ್ಲಿದ್ದರೂ ಮೂಲ ಜಮೀನು ಮಂಜೂರಾತಿಯದೋ ಅಲ್ಲವೋ ಎಂದು ತಾಲ್ಲೂಕು ಕಚೇರಿಯಲ್ಲಿ ಪರಿಶೀಲಿಸಿ. ಈ ಕಾಯ್ದೆಯನ್ನು ತಲೆನೋವು ಎಂದು ಗೊಣಗುವವರು ಬಹಳ ಇದ್ದಾರೆ. ಕಿತ್ತುಕೊಂಡ ಭೂಮಿ ಮೂಲದವರಿಗೆ ಮರಳಲಿ ಎಂದೇ ಬಂದ ಕಾಯ್ದೆ ಅದು, ಅದು ಇರಲೇಬೇಕು.

ದಂಡೆಯ ತೋಟ ಕೊಂಡು ಅಲ್ಲಿಯೇ ಮನೆ ಕಟ್ಟಬಹುದೇ?

2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದ ಮೇಲೆ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು. ಕೊಂಡ ಮಾತ್ರಕ್ಕೆ ವಾಸದ ಮನೆ ಕಟ್ಟಲು ಅನುಮತಿ ಸಿಕ್ಕಂತಲ್ಲ, ಅದಕ್ಕೆ ಪರಿವರ್ತನೆ ಆಗಬೇಕು. ಬೇಸಾಯ ಮಾಡುವವರು ಹಿಡುವಳಿಯ ಒಂದು ಸಣ್ಣ ಭಾಗದಲ್ಲಿ ತೋಟದ ಮನೆ ಕಟ್ಟಿಕೊಳ್ಳಲು ಅವಕಾಶ ಇದೆ. ಒಂದು ಎಕರೆಯನ್ನು ಹತ್ತು ಜನ ಸೇರಿ ಕೊಂಡು ಹತ್ತು "ತೋಟದ ಮನೆ" ಮಾಡುವುದು ಆ ಅವಕಾಶದ ದುರ್ಬಳಕೆ.

ನೋಂದಣಿಗೆ ಎಷ್ಟು ಖರ್ಚು?

ನಿವೇಶನಕ್ಕೂ ಮನೆಗೂ ಮುದ್ರಾಂಕ ಶುಲ್ಕ ಶೇ 5. ಆ ಶುಲ್ಕದ ಮೇಲೆ ಶೇ 10 ಸೆಸ್, ನಗರ ಪ್ರದೇಶದಲ್ಲಿ ಶೇ 2, ಗ್ರಾಮೀಣ ಪ್ರದೇಶದಲ್ಲಿ ಶೇ 3 ಸರ್ಚಾರ್ಜ್. ನೋಂದಣಿ ಶುಲ್ಕ ಮೊದಲು ಶೇ 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ನಗರಸಭೆ ವ್ಯಾಪ್ತಿಯ 20 ಲಕ್ಷ ರೂಪಾಯಿಯ ಮನೆ ಎಂದುಕೊಳ್ಳಿ. ಮುದ್ರಾಂಕ ಒಂದು ಲಕ್ಷ, ಸೆಸ್ ಹತ್ತು ಸಾವಿರ, ಸರ್ಚಾರ್ಜ್ ಎರಡು ಸಾವಿರ, ನೋಂದಣಿ ನಲವತ್ತು ಸಾವಿರ. ಒಟ್ಟು 1,52,000 ರೂಪಾಯಿ. ಕ್ರಯದ ಮೊತ್ತ ಮತ್ತು ಸರ್ಕಾರದ ಮಾರ್ಗಸೂಚಿ ದರ, ಇವೆರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಲೆಕ್ಕ.

ಮುಂಗಡವನ್ನು ಬ್ಯಾಂಕಿನ ಮೂಲಕವೇ ಕೊಡಿ. ಸ್ಥಿರಾಸ್ತಿಯ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. "ಅರ್ಧ ಬಿಳಿ, ಅರ್ಧ ಕಪ್ಪು" ಎಂದು ಒಪ್ಪಿಕೊಂಡವರು ವ್ಯವಹಾರ ಮುರಿದಾಗ ಕಪ್ಪಿನ ಅರ್ಧವನ್ನು ಯಾರ ಮುಂದೆಯೂ ಕೇಳಲಾರರು.

ಬ್ಯಾಂಕ್ ಸಾಲ ಸಿಗುತ್ತದೆಯೇ?

ದಾಖಲೆ ಸರಿ ಇದ್ದರೆ ಸಿಗುತ್ತದೆ. 30 ಲಕ್ಷದವರೆಗಿನ ಗೃಹಸಾಲವಾದರೆ ಆಸ್ತಿಯ ಮೌಲ್ಯದ ಶೇ 90ರವರೆಗೆ ಕೊಡಲು ರಿಸರ್ವ್ ಬ್ಯಾಂಕಿನ ನಿಯಮ ಅವಕಾಶ ಕೊಡುತ್ತದೆ. ಅಷ್ಟನ್ನೂ ಕೊಡಲೇಬೇಕು ಎಂದೇನಿಲ್ಲ. ಬ್ಯಾಂಕಿನವರು ಬೇಡ ಎಂದ ನಿವೇಶನವನ್ನು ಕೈಸಾಲ ಮಾಡಿಯಾದರೂ ಕೊಳ್ಳುತ್ತೇನೆ ಎಂದು ಹೊರಡಬೇಡಿ. ಅವರು ಏಕೆ ಬೇಡ ಎಂದರು ಎಂದು ಕೇಳಿ ತಿಳಿದುಕೊಳ್ಳಿ.

ಕುಡಿಯುವ ನೀರಿನ ಕಥೆ ಏನು?

ಹೊಳೆ ಪಕ್ಕದಲ್ಲಿದ್ದರೂ ನೀರಿನದೇ ದೊಡ್ಡ ಚಿಂತೆ. ಅಂತರ್ಜಲ ಅತಿಬಳಕೆಯ ತಾಲ್ಲೂಕುಗಳಲ್ಲಿ ನಮ್ಮದೂ ಒಂದು. ಸಾವಿರ ಅಡಿ ದಾಟಿದ ಕೊಳವೆಬಾವಿಗಳು ಇಲ್ಲಿ ಯಾರಿಗೂ ಹೊಸದಲ್ಲ. ಹೊಸದಾಗಿ ಕೊರೆಸಲು ಅಂತರ್ಜಲ ಪ್ರಾಧಿಕಾರದ ಅನುಮತಿ ಬೇಕು. ಆಳಕ್ಕೆ ಹೋದಂತೆ ಫ್ಲೋರೈಡ್ ಕಾಟವೂ ಇದೆ. ಕೋಲಾರ, ಚಿಕ್ಕಬಳ್ಳಾಪುರ ಎರಡೂ ಜಿಲ್ಲೆಗಳಲ್ಲಿ ಹಲ್ಲಿನ ಮೇಲೆ ಕಂದು ಪಟ್ಟೆ ಬಿದ್ದ ಮಕ್ಕಳನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, 1.5 ಮಿಲಿಗ್ರಾಂ ಗರಿಷ್ಠ ಮಿತಿ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಮನೆ ಕೊಳ್ಳುವ ಮೊದಲು ಅಲ್ಲಿನ ಬೋರಿನ ನೀರನ್ನು ಬಾಟಲಿಯಲ್ಲಿ ತುಂಬಿಸಿ ಪ್ರಯೋಗಾಲಯಕ್ಕೆ ಕೊಡಿ. ಖರ್ಚು ಅಲ್ಪ. ಕುಡಿಯಲು ಹೆಚ್ಚಿನವರು ಶುದ್ಧ ನೀರಿನ ಘಟಕದಿಂದ 20 ಲೀಟರಿನ ಕ್ಯಾನ್ ತರುತ್ತಾರೆ. ನಲ್ಲಿಯಲ್ಲಿ ಎಷ್ಟು ದಿನಕ್ಕೊಮ್ಮೆ ನೀರು ಬಿಡುತ್ತಾರೆ ಎಂದು ಅದೇ ಬೀದಿಯಲ್ಲಿ ಕೇಳಿ, ಬೇಸಿಗೆಯಲ್ಲಿ ಎಷ್ಟು ಎಂದು ಮತ್ತೊಮ್ಮೆ ಕೇಳಿ.

ಪಶ್ಚಿಮ ಘಟ್ಟದ ನೀರನ್ನು ಬಯಲುಸೀಮೆಗೆ ತರುವ ಎತ್ತಿನಹೊಳೆ ಯೋಜನೆಯ ನೀರು ಬರುತ್ತದೆ ಎಂದು ನಿವೇಶನ ಮಾರುವವರು ಹೇಳುತ್ತಾರೆ. ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಚಾಲನೆ ಸಿಕ್ಕಿತು. ಬಯಲುಸೀಮೆಯ ನಮ್ಮ ಮನೆಗಳ ನಲ್ಲಿಗೆ ಬರುವ ದಿನವನ್ನು ನಂಬಿ ಇಂದೇ ಬೆಲೆ ಕೊಡಬೇಡಿ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಜಿಲ್ಲೆಯ ಕೆರೆಗಳಿಗೆ ತುಂಬುವ ಎಚ್.ಎನ್. ವ್ಯಾಲಿ ಯೋಜನೆಯಿಂದ ಕೆಲವು ಕಡೆ ಬೋರುಗಳಿಗೆ ಜೀವ ಬಂದಿದೆ. ಎರಡನೇ ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತವೂ ಬೇಕು ಎಂದು ಇಲ್ಲಿನ ಜನ ಕೇಳುತ್ತಲೇ ಇದ್ದಾರೆ. ನ್ಯಾಯವಾದ ಬೇಡಿಕೆ, ನಾನೂ ಅದರ ಪರ.

ನಿಮ್ಮ ಕೈಯಲ್ಲಿರುವುದು ಚಾವಣಿಯ ನೀರು. ಸಾವಿರ ಚದರಡಿ ತಾರಸಿ, ವರ್ಷಕ್ಕೆ 700 ಮಿಲಿಮೀಟರ್ ಮಳೆ ಎಂದು ಹಿಡಿದು, ಐದರಲ್ಲಿ ಒಂದು ಪಾಲು ವ್ಯರ್ಥವಾಯಿತು ಎಂದು ಕಳೆದರೂ 50 ಸಾವಿರ ಲೀಟರಿಗೂ ಹೆಚ್ಚು ನೀರು ಸಿಗುತ್ತದೆ. ಮನೆ ಕಟ್ಟುವಾಗಲೇ ಪೈಪು, ಶೋಧಕ, ಸಂಪು ಮಾಡಿಸಿದರೆ ಅಗ್ಗ. ಆಮೇಲೆ ಗೋಡೆ ಒಡೆಸುವುದಕ್ಕೆ ದುಬಾರಿ.

ಮನೆ ಕಟ್ಟುವಾಗ ಹೊಳೆ ದಡ ಎಂದು ಬೇರೆ ಏನು ಮಾಡಬೇಕು?

ಮಣ್ಣು ಪರೀಕ್ಷೆ ಮಾಡಿಸಿ. ಮೇಲೆ ಗಟ್ಟಿ ಕಂಡರೂ ಕೆಳಗೆ ಹಳೆಯ ಮರಳು ಗುಂಡಿಗೆ ಸುರಿದ ಕಟ್ಟಡದ ಅವಶೇಷ, ಕಸ ಇರಬಹುದು. ಭರ್ತಿ ಮಾಡಿದ ನೆಲದ ಮೇಲೆ ಕಲ್ಲಿನ ಪಾಯ ಕೂಡಿಸಿದರೆ ಎರಡು ಮಳೆಗಾಲದಲ್ಲಿ ಗೋಡೆ ಬಿರುಕು ಬಿಡುತ್ತದೆ. ಗಟ್ಟಿ ನೆಲ ಸಿಗುವವರೆಗೆ ಅಗೆದು ಕಾಲಂ ಎಬ್ಬಿಸಿ, ಪ್ಲಿಂತ್ ಬೀಮ್ ಹಾಕಿಸಿ. ಎಂಜಿನಿಯರ್ ಬೇಡ, ಮೇಸ್ತ್ರಿಯೇ ಸಾಕು ಎನ್ನುವ ಜಾಗ ಇದಲ್ಲ. ಮನೆಯ ನೆಲಮಟ್ಟ ರಸ್ತೆಗಿಂತ ಎತ್ತರ ಇದ್ದರೆ ಸಾಲದು, ನೀವು ಗುರುತಿಸಿಕೊಂಡ ನೆರೆಯ ಗೆರೆಗಿಂತಲೂ ಎತ್ತರ ಇರಬೇಕು.

ಬಹುತೇಕರು ಗಮನಿಸದೆ ಬಿಡುವುದು ಸಂಪಿನ ಬಾಯಿ. ನೆಲಕ್ಕೆ ಸಮನಾಗಿ ಕಬ್ಬಿಣದ ಮುಚ್ಚಳ ಇಟ್ಟಿರುತ್ತಾರೆ. ಅಂಗಳಕ್ಕೆ ಅರ್ಧ ಅಡಿ ನೀರು ಬಂದರೂ ಚರಂಡಿಯ ನೀರೆಲ್ಲ ಅದರ ಸಂದಿಯಿಂದ ಒಳಗಿಳಿದು, ಮನೆಯೊಳಗೆ ಒಂದು ಹನಿ ಬಾರದಿದ್ದರೂ ಕುಡಿಯುವ ನೀರು ಕೆಡುತ್ತದೆ. ಬಾಯಿಗೆ ಎರಡಡಿ ಕಟ್ಟೆ ಕಟ್ಟಿಸಿ, ಮೇಲೆ ಮುಚ್ಚಳ ಇಡಿಸಿ. ವಿದ್ಯುತ್ ಮೀಟರು, ಮೋಟಾರಿನ ಸ್ವಿಚ್ಚು ಎದೆಮಟ್ಟಕ್ಕಿಂತ ಮೇಲಿರಲಿ.

ಒಳಚರಂಡಿ ಇಲ್ಲದ ಬೀದಿಯಲ್ಲಿ ಶೌಚದ ಇಂಗುಗುಂಡಿಯನ್ನು ಹೊಳೆಗೂ ಬೋರಿಗೂ ದೂರ ಇಡಬೇಕು. ಕುಡಿಯುವ ನೀರಿನ ಮೂಲದಿಂದ ಕನಿಷ್ಠ 18 ಮೀಟರ್ ಎಂದು ನಿಯಮ. ಮೂವತ್ತು ನಲವತ್ತರ ನಿವೇಶನದಲ್ಲಿ, ನೆರೆಯವರ ಬೋರನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಇದು ಸುಲಭವಲ್ಲ. ಆದ್ದರಿಂದಲೇ ಒಳಚರಂಡಿ ಇರುವ ಬೀದಿಗೆ ಸ್ವಲ್ಪ ಹೆಚ್ಚು ಬೆಲೆ ಕೊಡಬಹುದು ಎನ್ನುತ್ತೇನೆ.

ವಿಮೆ ಬೇಕೇ?

ಬೇಕು. 2021ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳಲ್ಲಿ ಭಾರತ್ ಗೃಹ ರಕ್ಷಾ ಎಂಬ ಒಂದೇ ಮಾದರಿಯ ಪಾಲಿಸಿ ಇದೆ. ಬೆಂಕಿ, ಭೂಕಂಪದ ಜೊತೆ ನೆರೆಯೂ ಅದರಲ್ಲಿ ಸೇರಿದೆ. ಬ್ಯಾಂಕು ಮಾಡಿಸಿದ ವಿಮೆ ಸಾಲಕ್ಕೋ, ಕಟ್ಟಡಕ್ಕೋ ಎಂದು ಓದಿ ನೋಡಿ.

ದಿನದ ಬದುಕು ಹೇಗಿರುತ್ತದೆ?

ಬೆಂಗಳೂರು ಸುಮಾರು 75 ಕಿಲೋಮೀಟರ್. ದೊಡ್ಡಬಳ್ಳಾಪುರದ ಮೇಲೆ ರಸ್ತೆ ಇದೆ, ಅದೇ ದಾರಿಯಲ್ಲಿ ಯಲಹಂಕ, ಮಾಕಳಿದುರ್ಗ, ತೊಂಡೇಭಾವಿ ಹಾದು ರೈಲೂ ಇದೆ. ಹಿಂದೂಪುರದಿಂದ ಬರುವ ಬೆಳಗಿನ ರೈಲಿನಲ್ಲಿ ನಿತ್ಯ ಬೆಂಗಳೂರಿಗೆ ಹೋಗಿ ಬರುವವರು ಬಹಳ ಮಂದಿ. ಅವರಿಗೆ ಸೀಟು ಸಿಗುವುದು ಅಪರೂಪ, ಆದರೂ ಒಬ್ಬರಿಗೊಬ್ಬರು ಜಾಗ ಮಾಡಿಕೊಟ್ಟುಕೊಂಡು ಹೋಗುತ್ತಾರೆ. ಚಿಕ್ಕಬಳ್ಳಾಪುರಕ್ಕೆ, ಮಧುಗಿರಿಗೆ ಹೆದ್ದಾರಿ.

ಗಡಿ ಊರು. ಒಂದೇ ಬೀದಿಯಲ್ಲಿ ಒಂದು ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತೆಲುಗು, ಅದರಾಚೆ ಉರ್ದು. ಅಂಗಡಿಯ ಮುಂದೆ ಮೂರೂ ಬೆರೆಯುತ್ತವೆ. ಹೊಸಬರನ್ನು ಹೊರಗಿನವರು ಎಂದು ನೋಡುವ ಸ್ವಭಾವ ಇಲ್ಲಿಯದಲ್ಲ. ಪಾಯಸ ಮಾಡಿದ ದಿನ ಪಕ್ಕದ ಮನೆಗೆ ಬಟ್ಟಲು ಹೋಗುತ್ತದೆ, ಬಟ್ಟಲು ಖಾಲಿಯಾಗಿ ವಾಪಸು ಬರುವುದಿಲ್ಲ. ಊರಿನಿಂದ ಸುಮಾರು ಆರು ಕಿಲೋಮೀಟರ್ ದೂರದ ವಿದುರಾಶ್ವತ್ಥಕ್ಕೆ ಬಂದ ನೆಂಟರನ್ನೆಲ್ಲ ಕರೆದುಕೊಂಡು ಹೋಗುವುದು ರೂಢಿ. ನಾಗರಕಲ್ಲುಗಳ ಸಾಲು ಒಂದು ಕಡೆ, 1938ರ ಏಪ್ರಿಲ್ 25ರಂದು ಧ್ವಜ ಹಾರಿಸಲು ಸೇರಿದ ಜನರ ಮೇಲೆ ನಡೆದ ಗೋಲಿಬಾರಿನ ಸ್ಮಾರಕ ಒಂದು ಕಡೆ. ಮಕ್ಕಳಿಗೆ ಎರಡನ್ನೂ ತೋರಿಸಿ.

ಬೇಸಿಗೆ ಬಿಸಿ, ಬೆಂಗಳೂರಿನ ಹವೆಗೆ ಒಗ್ಗಿದವರಿಗೆ ಮೊದಲ ಏಪ್ರಿಲ್ ಕಷ್ಟ. ಪಶ್ಚಿಮದ ಗೋಡೆಗೆ ಹೊಂಗೆ ಮರದ ನೆರಳು ಬರುವಂತೆ ನೆಡಿ.

ಹಾವು, ಸೊಳ್ಳೆ ಇವೆಯೇ?

ಇವೆ. ಪೊದೆ, ಕಲ್ಲುರಾಶಿ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ನಾಗರಹಾವು, ಕೊಳಕುಮಂಡಲ. ರಾತ್ರಿ ಟಾರ್ಚ್ ಇಲ್ಲದೆ ಹಿತ್ತಲಿಗೆ ಹೋಗಬೇಡಿ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ನಾಟಿ ಮದ್ದು ಹುಡುಕುವುದು ಬೇಡ. ಕಚ್ಚಿದ ಭಾಗವನ್ನು ಅಲುಗಾಡಿಸದೆ 108 ಕರೆದು ನೇರ ಆಸ್ಪತ್ರೆಗೆ ಹೋಗಿ. ಸೊಳ್ಳೆಗೆ ಕಿಟಕಿಗೆಲ್ಲ ಜಾಲರಿ ಹಾಕಿಸಿ.

ಮಕ್ಕಳು ಹೊಳೆಯಲ್ಲಿ ಆಡಬಹುದೇ?

ಒಣಗಿದ್ದಾಗ ಆಡಲಿ. ನೀರು ಬಂದಾಗ ಒಬ್ಬರನ್ನೂ ಇಳಿಯಲು ಬಿಡಬೇಡಿ. ಮರಳು ತೆಗೆದ ಗುಂಡಿಗಳು ನೀರಿನಡಿ ಕಾಣುವುದಿಲ್ಲ. ಮೊಣಕಾಲುದ್ದ ನೀರಿನಲ್ಲಿ ನಡೆಯುತ್ತಿದ್ದ ಹುಡುಗ ಮುಂದಿನ ಹೆಜ್ಜೆಗೆ ಎರಡಾಳು ಆಳಕ್ಕೆ ಹೋಗುತ್ತಾನೆ. ಹಳ್ಳಿ ಹಳ್ಳಿಯಲ್ಲಿ ಈಜು ಕಲಿಸುತ್ತಿದ್ದ ಬಾವಿಗಳು ಬತ್ತಿ ಒಂದು ತಲೆಮಾರು ಈಜು ಬಾರದೆಯೇ ಬೆಳೆದಿದೆ. ಇದನ್ನು ಮನೆಗೆ ಬಂದ ನೆಂಟರ ಮಕ್ಕಳಿಗೂ ಹೇಳಿ.

ಹೊಳೆಯ ದುರ್ವಾಸನೆ, ಕಸಕ್ಕೆ ಏನು ಮಾಡುತ್ತೀರಿ?

ಕೋಳಿ ಅಂಗಡಿಯ ತ್ಯಾಜ್ಯ, ಕಟ್ಟಡದ ಅವಶೇಷ, ಚರಂಡಿ ನೀರು ಮೂರೂ ಹೊಳೆಗೆ ಬೀಳುತ್ತವೆ. ರಾತ್ರಿ ಸುರಿದು ಹೋಗುವ ಟ್ರಾಕ್ಟರಿನ ಸಂಖ್ಯೆ ಬರೆದು, ಫೋಟೊ ತೆಗೆದು ನಗರಸಭೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ದೂರು ಅಂದೇ ಮರೆತುಹೋಗುತ್ತದೆ, ಸ್ವೀಕೃತಿ ಇರುವ ದೂರಿಗೆ ಉತ್ತರ ಕೊಡಬೇಕಾಗುತ್ತದೆ. ನೀವು ಕೊಳ್ಳುವ ಮನೆಯ ಕೊಳಚೆ ಕೊಳವೆ ಎಲ್ಲಿಗೆ ಹೋಗುತ್ತದೆ ಎಂದೂ ನೋಡಿ. ನೇರ ಹೊಳೆಗೆ ಬಿಟ್ಟಿದ್ದರೆ ಬೆಲೆ ಮಾತಾಡುವಾಗಲೇ ಅದನ್ನು ಸರಿಪಡಿಸುವ ಖರ್ಚನ್ನು ಕಳೆಯಲು ಹೇಳಿ, ಕೊಂಡ ಮೇಲೆ ಸರಿಪಡಿಸಿ. ನೀರು ಬಂದ ವರ್ಷ ಅರಿಸಿನ ಕುಂಕುಮ ಹಾಕಿ ಬಾಗಿನ ಬಿಡುವ ಹೊಳೆಗೇ ಉಳಿದ ದಿನ ಕೊಳಚೆ ಬಿಡುವುದು ನನಗೆ ಸಂಕಟ ತರುವ ವಿಷಯ.

ಹೊಳೆಯ ಕಡೆ ಸ್ವಲ್ಪ ಕಾಂಪೌಂಡ್ ಮುಂದಕ್ಕೆ ಹಾಕಿಕೊಂಡರೆ ಏನಾಗುತ್ತದೆ?

ಸರ್ಕಾರಿ ಜಾಗದ ಒತ್ತುವರಿ ಅಪರಾಧ. ತೆರವಿಗೆ ಬಂದರೆ ಗೋಡೆಯೂ ಹೋಗುತ್ತದೆ, ಮರ್ಯಾದೆಯೂ ಹೋಗುತ್ತದೆ. ನೀವು ಹತ್ತಡಿ ಒತ್ತಿದರೆ ಆ ಹತ್ತಡಿಯ ನೀರು ಎದುರು ದಡದ ಬಡವನ ಗುಡಿಸಲಿಗೆ ಹೋಗುತ್ತದೆ. ಬೇಡ.

ಆಸ್ತಿ ತೆರಿಗೆ?

ನಗರಸಭೆಗೆ ಏಪ್ರಿಲ್‌ನಲ್ಲಿಯೇ ಕಟ್ಟಿದರೆ ಶೇ 5 ರಿಯಾಯಿತಿ. ರಸೀದಿಗಳನ್ನೆಲ್ಲ ಜೋಪಾನ ಮಾಡಿ, ಮಾರುವವರಿಂದ ಹಿಂದಿನ ವರ್ಷಗಳ ರಸೀದಿಯನ್ನೂ ಪಡೆಯಿರಿ.

ಕೊಳ್ಳುವ ಮೊದಲು ಬಾಡಿಗೆಗೆ ಇದ್ದು ನೋಡಬಹುದೇ?

ನನ್ನನ್ನು ಕೇಳುವವರಿಗೆಲ್ಲ ನಾನು ಹೇಳುವುದು ಇದನ್ನೇ. ಹನ್ನೊಂದು ತಿಂಗಳ ಕರಾರು ಮಾಡಿಕೊಂಡು ಬನ್ನಿ. ಬರುವುದಾದರೆ ಜೂನ್‌ನಲ್ಲಿ ಬನ್ನಿ. ಆಗ ಸೆಪ್ಟೆಂಬರ್, ಅಕ್ಟೋಬರ್‌ನ ಜೋರು ಮಳೆಯೂ ಸಿಗುತ್ತದೆ, ಮುಂದಿನ ಏಪ್ರಿಲ್‌ನ ನೀರಿನ ಬರವೂ ಸಿಗುತ್ತದೆ. ಕೊಳ್ಳಬೇಕೆಂದಿರುವ ಬೀದಿಯಲ್ಲಿಯೇ ಬಾಡಿಗೆ ಮನೆ ಹುಡುಕಿ. ನಾಲ್ಕು ಬೀದಿ ಆಚೆ ಇದ್ದರೆ ನಲ್ಲಿಯ ದಿನವೂ ಬೇರೆ, ಮಳೆ ನೀರು ನಿಲ್ಲುವ ಮೂಲೆಯೂ ಬೇರೆ. ಮಾಲೀಕರು ಮುಂಗಡ ಎಷ್ಟು ಕೇಳಿದರೂ ಬ್ಯಾಂಕಿನ ಮೂಲಕ ಕೊಟ್ಟು, ಕರಾರಿನಲ್ಲಿ ಬರೆಸಿ, ಒಂದು ಪ್ರತಿ ನಿಮ್ಮಲ್ಲಿ ಇಟ್ಟುಕೊಳ್ಳಿ.